ಕೊನೆ ಮಾತು ಯಾರದು?

ಪಂಚಾಯ್ತಿ ಅಧ್ಯಕ್ಷ ಚಿಕ್ಕಬೋರೇಗೌಡರಿಗೆ ಎದುರು ಪಕ್ಷದ ಪುಟ್ಟಮಾದಪ್ಪನನ್ನು ಕಂಡರೆ ಹೊಟ್ಟೆಯುರಿ. ಮಾದಪ್ಪನಿಗೂ ಅಷ್ಟೇ. ಸಭೆಯಲ್ಲಿ ಕೊನೆಗೆ ಮಾತಾಡಿದವನೇ ಗೆದ್ದಂತೆ ಅನ್ನೋದು ಆ ಊರಿನ ಪದ್ಧತಿ. ಹಾಗಾಗಿ ಇಬ್ಬರೂ ಬಾಯಿ ಮುಚ್ಚುತ್ತಿರಲಿಲ್ಲ, ಚರಂಡಿ ಕೆಲಸ ಶುರುವಾಗುತ್ತಿರಲಿಲ್ಲ.

"ಈ ಸಲ ಕೊನೆ ಮಾತು ನಂದಾಗ್ಬೇಕು. ಇಲ್ದಿದ್ರೆ ನಿನ್ ಕೆಲ್ಸ ಹೋಯ್ತು ಅನ್ಕೊ!" ಎಂದು ಗೌಡರು ಗುಮಾಸ್ತನನ್ನು ಗದರಿಸಿದರು.

ಗುಮಾಸ್ತ ತಲೆ ಕೆರೆದುಕೊಂಡ. "ಸಭೆ ಯಾಕೆ ಸ್ವಾಮಿ? ವಾಟ್ಸಾಪಲ್ಲಿ ಮಾದಪ್ಪನೋರಿಗೆ ಮಾತಾಡಿ ಕಳ್ಸಿ. ಅಲ್ಲಿ ಸಾಕು ನಿಲ್ಲಿಸಿ ಅನ್ನೋರೇ ಇಲ್ಲ. ಅವ್ರು ಸುಸ್ತಾದ್ರೆ ನೀವೇ ಗೆದ್ದಂಗೆ."

ಸಂಜೆ ಮಾದಪ್ಪನ ಮನೆಗೂ ಹೋಗಿ ಅದನ್ನೇ ಹೇಳಿದ.

ಮೂರು ದಿನ ಬರೀ ಬೈಗುಳ. ನಾಲ್ಕನೇ ದಿನ ಬೈಗುಳ ಖಾಲಿಯಾಯಿತು, ಆದರೆ ಸುಮ್ಮನಾಗಲು ಇಬ್ಬರೂ ತಯಾರಿಲ್ಲ. ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂಬ ಮಾತು ಬಂತು. ಕೊನೆಗೆ ಚರಂಡಿಯ ಮಾತೂ ಬಂತು. ತಿಂಗಳೊಳಗೆ ಚರಂಡಿ ಆಯಿತು.

ಒಂದು ಬೆಳಿಗ್ಗೆ ಗೌಡರು ಕೆಂಡವಾಗಿ ಕಚೇರಿಗೆ ನುಗ್ಗಿದರು.

"ಆ ಮಾದಪ್ಪಂಗೆ ಮೂರ್ ಸಲ ಫೋನ್ ಮಾಡ್ದೆ ಕಣಯ್ಯಾ, ಬರೀ ಬ್ಯುಸಿ! ನನ್ ಬಿಟ್ಟು ಇನ್ಯಾರ ಜೊತೆ ಅಷ್ಟೊತ್ತು ಮಾತಾಡ್ತಾವ್ನೆ? ಹೋಗಿ ವಿಚಾರಿಸ್ಕೊಂಡ್ ಬಾ!"