ಬಣ್ಣದ ಕೆಸುವಿನ ಗೆಡ್ಡೆ

ಗುರುಪಾದನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧಿ, ನನ್ನ ಜೊತೆಯ ಶಿಷ್ಯ ಅಡವೀಶ ಒಂದು ತಿಂಗಳಿಂದ ಯಾರೊಡನೆಯೂ ಮಾತಾಡುತ್ತಿಲ್ಲ. ಏಕೆಂದು ಕೇಳಿದರೆ, ಕೆಲವು ದಿನ ನನ್ನ ಪಾಡಿಗೆ ನನ್ನನ್ನು ಬಿಡು ಎನ್ನುತ್ತಾನೆ. ಇದನ್ನು ನಂಬುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಎಣ್ಣೆ ಕೊಳ್ಳುವಾಗ ಅಂಗೈಗೆ ಹಚ್ಚಿ ಮೂಸುವವನು, ಹಸು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುವವನು. ವ್ಯಾಪಾರಕ್ಕೆ ಅದು ಒಳ್ಳೆಯದೇ. ಆದರೆ ಅಂಗಡಿಯ ಬಾಗಿಲು ಹಾಕಿದ ಮೇಲೂ ಅವನ ಮೂಗು ಸುಮ್ಮನಿರುತ್ತಿರಲಿಲ್ಲ.

ಪಕ್ಕದ ಮನೆಯ ಕುಂಬಾರ ಅವನ ಬಾಲ್ಯದ ಗೆಳೆಯ. ಇಡೀ ಬೀದಿಯಲ್ಲಿ ಅವನಿಗಿದ್ದ ಗೆಳೆಯನೂ ಅವನೊಬ್ಬನೇ. ಮುಂಗಾರಿನಲ್ಲಿ ಕುಂಬಾರ ತನ್ನ ಹಿತ್ತಿಲ ಕೆಸುವಿನ ಗೆಡ್ಡೆಯೊಂದನ್ನು ಕುಂಡದಲ್ಲಿ ನೆಟ್ಟು ತಂದುಕೊಟ್ಟ. ಎಲೆ ಅಗಲವಾದಾಗ ವರ್ತಕನ ಹೆಂಡತಿ ಅದಕ್ಕೆ ಹಿಟ್ಟು ಸವರಿ ಬೇಯಿಸಿ ಪತ್ರೊಡೆ ಮಾಡಲು ಹೊರಟಳು. ಕುಂಬಾರ ಓಡಿಬಂದು ತಡೆದ. ಇದು ತಿನ್ನುವ ಕೆಸುವಲ್ಲ, ನೋಡುವ ಕೆಸು. ಎಲೆಯ ನಡುವೆ ಕುಂಕುಮದ ಬಣ್ಣ ಕಂಡರೆ ಬಾಯಿಗೆ ಇಡಬಾರದು, ನಾಲಿಗೆ ಬಾತುಹೋಗುತ್ತದೆ ಎಂದ. ಅಂಥದ್ದನ್ನು ನನಗೇಕೆ ಕೊಟ್ಟ ಎಂದು ವರ್ತಕನಿಗೆ ಆಗಲೇ ಅನಿಸಿತು. ಆದರೆ ದಾರಿಹೋಕರೆಲ್ಲ ನಿಂತು ಎಲೆಯನ್ನು ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಅವನು ಸುಮ್ಮನಾದ.

ಮಾರ್ಗಶಿರದ ಚಳಿ ಬಂತು. ಎಲೆಗಳು ಹಳದಿಯಾಗಿ ಒಂದೊಂದಾಗಿ ಬಾಗಿದವು. ಕುಂಬಾರ ಬಂದು ನೋಡಿ ಹೇಳಿದ: "ನೀರು ನಿಲ್ಲಿಸಪ್ಪ. ಗೆಡ್ಡೆ ಮಲಗಿದೆ. ಮಣ್ಣು ಒಣಗಲಿ, ಕುಂಡವನ್ನು ಒಳಗೆ ಮೂಲೆಯಲ್ಲಿಡು. ಯುಗಾದಿ ಕಳೆದು ಮಳೆ ಬಿದ್ದರೆ ತಾನಾಗಿ ಏಳುತ್ತದೆ."

ಸಾಯುತ್ತಿರುವುದಕ್ಕೆ ನೀರು ಬೇಡವೆನ್ನುವವನು ಎಂಥ ಗೆಳೆಯ? ವರ್ತಕ ಗೋಡೆಯ ಮೇಲಿಂದ ಇಣುಕಿದ. ಕುಂಬಾರನ ಕುಂಡಗಳಲ್ಲೂ ಬರೀ ಮಣ್ಣು. ಒಳ್ಳೆಯ ಗಿಡಗಳನ್ನು ಎಲ್ಲೋ ಬಚ್ಚಿಟ್ಟು ನಾಟಕವಾಡುತ್ತಿದ್ದಾನೆ ಎಂದುಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂದಿನಿಂದ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಸುರಿದ. ಚಿಗುರು ಕಾಣಲಿಲ್ಲ. ಕುಂಬಾರ ಗೆಡ್ಡೆಯನ್ನೇ ಕದ್ದಿರಬಹುದೆಂದು ಕೊನೆಗೆ ಮಣ್ಣು ಬಗೆದ. ಕಳಿತ ಬಾಳೆಹಣ್ಣಿನಂತೆ ಅದು ಬೆರಳ ಸಂದಿಯಲ್ಲಿ ಜಾರಿತು, ನಾರಿತು.

ಅವನು ಅದನ್ನು ಕುಂಬಾರನ ಅಂಗಳಕ್ಕೆ ಎಸೆದು, ಕೊಳೆತದ್ದನ್ನು ಕೊಟ್ಟು ಮೋಸ ಮಾಡಿದೆಯೆಂದು ಬೀದಿಯ ಜನರೆದುರು ಕೂಗಾಡಿದ. ಕುಂಬಾರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಯುಗಾದಿ ಕಳೆಯಿತು, ಮಳೆ ಬಿತ್ತು. ಕುಂಬಾರನ ಹಿತ್ತಿಲ ತುಂಬ ಕೆಂಪು ಎಲೆಗಳು ಎದ್ದವು. ವರ್ತಕ ಗೋಡೆಯ ಈಚೆ ನಿಂತು ನೋಡಿದ. ತಪ್ಪು ತನ್ನದೆಂದು ತಿಳಿಯಿತು. ಕುಂಬಾರ ಇತ್ತ ತಿರುಗಲೂ ಇಲ್ಲ.

ಕತೆ ಮುಗಿಯಿತು. ಗುರುಪಾದ ನಕ್ಕು, "ಎಂಥ ಮೂಢ, ಬುದ್ಧಿ! ಸ್ವಲ್ಪ ಕಾಯಬಾರದಿತ್ತೇ?" ಎಂದ.

ಗುರುಗಳು ಕೇಳಿದರು: "ಇವತ್ತು ಬೆಳಿಗ್ಗೆ ಅಡವೀಶ ಸ್ನಾನಕ್ಕೆ ಹೋಗಿದ್ದಾಗ ಅವನ ಬಟ್ಟೆಗಂಟು ಬಿಚ್ಚಿದೆಯಲ್ಲ, ಏನು ಸಿಕ್ಕಿತು?"