ಸಿರಿಯವ್ವ ಸಿಹಿನೀರ ಬಾವಿಯನ್ನು ಬರೆದಿಟ್ಟದ್ದು

ಬತ್ತಿ ಮುಂದೆ ಮಾಡಿ, ಕೈಯಲ್ಲಿ ಅಕ್ಷತೆ ಹಿಡಿದು, ಅತ್ತಿತ್ತ ನೋಡದೆ ಕೇಳಿರಮ್ಮ.

ಸವಳೂರೆಂಬ ಊರಿನಲ್ಲಿ ಎಲ್ಲಿ ಅಗೆದರೂ ಉಪ್ಪುನೀರೇ ಬರುತ್ತಿರಲು, ಸಿರಿಯವ್ವನೆಂಬ ಮಕ್ಕಳಿಲ್ಲದ ವಿಧವೆಯ ಹಿತ್ತಿಲ ಬಾವಿಯಲ್ಲಿ ಮಾತ್ರ ಸಿಹಿನೀರಿತ್ತು. ಆಕೆ ಬಂದವರಿಗೆಲ್ಲ ನೀರು ಬಿಟ್ಟು, ಕಾರ್ತಿಕದ ಸೋಮವಾರಗಳಲ್ಲಿ ಗಂಗಮ್ಮನ ಉಳಿಪಾಲು ವ್ರತವನ್ನು ಹಿಡಿದಿದ್ದಳು. ಮನೆಗೆಂದು ಐದು ಹಿಡಿ ಅಕ್ಕಿ ಅಳೆದು, ಹೆಸರು ತಿಳಿಯದವರಿಗೆಂದು ಆರನೆಯ ಹಿಡಿ ತೆಗೆದಿಡುವುದು ಆ ವ್ರತದ ಕ್ರಮ. ಕಡೆಯ ಸೋಮವಾರ, ತಾನಿಲ್ಲದ ಮೇಲೆ ಅಂಥವರಿಗೆ ಏನು ಉಳಿಸುವೆನೆಂದು ಐವರ ಎದುರು ಬರೆಸಬೇಕು. ಅದೊಂದನ್ನು ಮಾತ್ರ ಸಿರಿಯವ್ವ ವರ್ಷ ವರ್ಷವೂ ಮುಂದೂಡಿದಳು. "ಮರಣಶಾಸನ ಬರೆಸೋದು ಯಮನಿಗೆ ವೀಳ್ಯ ಕೊಟ್ಟು ಕರೆದಂಗಲ್ಲವೇನ್ರೇ? ಬಾವಿ ಊರಿಗೇ ಅಂತ ಬಾಯಲ್ಲಿ ಹೇಳಿದೀನಲ್ಲ, ಸಾಕು" ಎನ್ನುವಳು. ನಗಬೇಡಿ, ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಬರೆಸಿದ್ದೀರಿ?

ಹೀಗಿರಲು ಒಂದು ಚೈತ್ರದಲ್ಲಿ ಸಿರಿಯವ್ವ ವಿಷಮಜ್ವರ ಹತ್ತಿ, ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿದಳು. ಮೈದುನನ ಮಗ ಕೇತಶೆಟ್ಟಿ ಬಂದು, ನಾಡಿ ಹಿಡಿದು ನೋಡಿ, ಇಂದೋ ನಾಳೆಯೋ ಎಂದುಕೊಂಡು, ಬಾವಿಗೆ ಹಲಗೆ ಹೊದಿಸಿ ಬೀಗ ಹಾಕಿದನು. ಊರವರು ಬಂದು ಕೇಳಲು, "ಊರಿಗೆ ಕೊಟ್ಟಿದ್ದಕ್ಕೆ ಬರಹ ಎಲ್ಲೈತೆ, ತೋರಿಸಿ" ಎಂದನು. ಯಾರಲ್ಲಿಯೂ ಇರಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಸಿರಿಯವ್ವ ಕಣ್ಣು ತೆರೆದಳು. ದಿನವೂ ಆ ಹೊತ್ತಿಗೆ ಕೇಳುವ ರಾಟೆಯ ಸದ್ದಿಲ್ಲ, ಕೊಡಗಳ ಸದ್ದಿಲ್ಲ, ಹೆಂಗಸರ ಜಗಳವೂ ಇಲ್ಲ. ತಾನು ಸತ್ತೇಹೋದೆನೆಂದು ಬಗೆದು, ಗೋಡೆ ಹಿಡಿದು ಹಿತ್ತಿಲಿಗೆ ಬಂದು ನೋಡಲು, ಬೀಗದ ಮುಂದೆ ಬಿಳಿತಲೆಯ ಮುದುಕಿಯೊಬ್ಬಳು ಬರಿಗೊಡ ಇಟ್ಟುಕೊಂಡು ಕುಳಿತಿದ್ದಳು. "ನೀನು ಹೋದ ಮೇಲೆ ಆಗೋದನ್ನ ಇದ್ದಾಗಲೇ ತೋರಿಸಿದೀನಿ, ಮಗಳೇ. ಹಿಡಿ ಅಕ್ಕಿ ತೆಗೆದಿಟ್ಟೆ, ಬಾವಿ ಯಾರಿಗಿಟ್ಟೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದಳು. ಬಂದವಳು ಗಂಗಮ್ಮನೆಂದು ಅರಿತು ಸಿರಿಯವ್ವ ಆ ಹಲಗೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತಳು.

ಅಂದೇ ಮಿಂದು, ದೀಪ ಹಚ್ಚಿ, ಊರ ಐವರನ್ನು ಕೂರಿಸಿ ಬರೆಸಿದಳು: ಮನೆ ಕೇತಶೆಟ್ಟಿಗೆ, ಬಾವಿಯೂ ಬಾವಿಯ ದಾರಿಯೂ ಬಾಯಾರಿದವರಿಗೆ. ದಾರಿ ಬರೆಯದೆ ಬಾವಿಯನ್ನಷ್ಟೇ ಬರೆದರೆ ಫಲವಿಲ್ಲ, ಇದನ್ನು ನೆನಪಿಡಿ. ಬೀಗ ಹಾಕಿದವನಿಗೂ ಮನೆ ಕೊಟ್ಟಳಲ್ಲ ಎಂದು ಕೇತಶೆಟ್ಟಿ ನಾಚಿ, ಬೀಗದ ಕೈಯನ್ನು ಆಕೆಯ ಪಾದದ ಬಳಿ ಇಟ್ಟನು.

ಯಮ ಬಂದನೆ? ಎಲ್ಲಿ ಬಂದ! ಸಿರಿಯವ್ವ ಮತ್ತೆ ಇಪ್ಪತ್ತೆರಡು ವರ್ಷ, ಉಂಡದ್ದು ಅರಗಿ, ಮಲಗಿದರೆ ನಿದ್ದೆ ಬಂದು, ಸುಖವಾಗಿ ಬದುಕಿದಳು. ಕಡೆಗೊಂದು ಬೆಳಗ್ಗೆ ರಾಟೆಯ ಸದ್ದು ಕೇಳುತ್ತ ಆಕೆಯ ಉಸಿರು ಸಣ್ಣಗಾಗಲು, ಸುದ್ದಿ ತಿಳಿದ ಹೆಂಗಸರು ಹಗ್ಗ ಬಿಟ್ಟು ನಿಂತರು. ಆಗ ಕೇತಶೆಟ್ಟಿ ಹಿತ್ತಿಲಿಗೆ ಬಂದು, "ಸೇದ್ರವ್ವ, ನಿಲ್ಲಿಸಬ್ಯಾಡಿ. ದೊಡ್ಡವ್ವ ಕೇಳ್ತಾ ಹೋಗ್ಲಿ" ಎಂದನು.

ಇದನ್ನು ಓದಿದವರಿಗೂ ಕೇಳಿದವರಿಗೂ ಗಂಗಮ್ಮ ಸಿರಿಯವ್ವನ ಆಯುಷ್ಯವನ್ನೂ ಆಕೆಯ ನಿದ್ದೆಯನ್ನೂ ಕೊಡಲಿ. ನಾವು ಹೋದ ಮೇಲೂ ನಮ್ಮ ಹಿತ್ತಿಲಲ್ಲಿ ಕೊಡಗಳ ಸದ್ದು ಇರಲಿ. ಇನ್ನು ಅಕ್ಷತೆ ಹಾಕಿ, ತಾಯಂದಿರೇ.