ಮನೆ ಆಗಿಬಂತಾ?

ವನಜಾಕ್ಷಮ್ಮನ ಡೈವೋರ್ಸ್ ಕೇಸು ಮುಗಿಯುವ ಮೊದಲೇ, ಗಂಡ ಕಟ್ಟದ ಸಾಲಕ್ಕೆ ಸೊಸೈಟಿಯವರು ಮನೆ ಜಪ್ತಿ ಮಾಡಿ ಬೀಗ ಜಡಿದರು. ಅವಳು ಎದುರುಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡಳು. ಅದೇ ಸೊಸೈಟಿಯಲ್ಲಿ ತೆಗೆದ ಮಿಷನ್ ಸಾಲ ಮಾತ್ರ ಅವಳದೇ. ಅದರ ಕಂತು ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಸೆಕ್ರೆಟರಿ ಪರಮೇಶ್ವರಪ್ಪ ಸ್ಕೂಟರಿನಿಂದ ಇಳಿಯದೆಯೇ ಗುಡುಗಿದರು. "ನಿನಗೆ ಕಂತು ಕೊಟ್ಟಿದ್ದು ಆ ಮನೆ ನೋಡಿ. ಮನೆ ಹೋಯ್ತು, ಕಂತೂ ಹೋಯ್ತು. ಪೂರ್ತಿ ಸಾಲ ಒಂದೇ ಸಲ ಕಟ್ಟು!"

"ಆಗಲಿ ಸ್ವಾಮಿ, ಮೊದಲು ಮನೆ ಮಾರಿಕೊಳ್ಳಿ" ಅಂದಳು.

ಮನೆ ಕೊಳ್ಳುವವರು ಗೋಡೆಗಿಂತ ಮೊದಲು ನೋಡುವುದು ಅಲ್ಲಿ ಬಾಳಿದವರನ್ನು. ಬಂದವರೆಲ್ಲ ಅವಳನ್ನೇ ಕೇಳಿದರು: "ಈ ಮನೆ ಆಗಿಬಂತೇನಮ್ಮ?"

"ಸುಳ್ಳು ಯಾಕೆ ಹೇಳಲಿ? ಗೃಹಪ್ರವೇಶದ ವರ್ಷವೇ ಜಗಳ ಶುರು. ಈಗ ಗಂಡನೂ ಇಲ್ಲ, ಮನೆಯೂ ಇಲ್ಲ."

ಗಿರಾಕಿಗಳು ತಿರುಗಿ ನೋಡದೆ ಹೋದರು.

ಕೊನೆಗೆ ಪರಮೇಶ್ವರಪ್ಪ ಸ್ಕೂಟರ್ ಇಳಿದು ಜಗಲಿಯ ಕೆಳಗೆ ನಿಂತರು. "ತಾಯಿ, ಒಂದು ಒಳ್ಳೇ ಮಾತಾಡಮ್ಮ!"

"ಮಿಷನ್ ಸಾಲಕ್ಕೆ ಹಳೇ ಕಂತೇ ಅಂತ ಬರೆದುಕೊಡಿ. ಆದರೂ ಸುಳ್ಳು ಹೇಳೋಳಲ್ಲ ನಾನು."

ಬರೆದು, ಸೀಲು ಒತ್ತಿ ಕೊಟ್ಟರು.

ಮರುದಿನ ಸೆಕ್ರೆಟರಿಯೇ ಒಂದು ಗಂಡಹೆಂಡತಿ ಜೋಡಿಯನ್ನು ಕರೆತಂದರು. "ಮನೆ ಆಗಿಬಂತೇನಮ್ಮ?" ಅಂತ ಗಂಡ ಕೇಳಿದ.

"ಆಗಿಬರದೆ ಏನು? ಒಳಗೆ ಕಾಲಿಡುವಾಗ ಕುಡುಕ ಗಂಡ ಇದ್ದ, ಕೈಯಲ್ಲಿ ಕಸುಬಿರಲಿಲ್ಲ. ಹೊರಗೆ ಬರುವಾಗ ಕೈಯಲ್ಲಿ ಕಸುಬಿತ್ತು, ಗಂಡ ತೊಲಗಿದ್ದ!"

ಸೆಕ್ರೆಟರಿ ತಲೆ ಮೇಲೆ ಕೈ ಹೊತ್ತು ನಿಂತರು.

ಬಂದಾಕೆ ಮಾತ್ರ ತನ್ನ ಗಂಡನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ ಅಂದಳು: "ಇದೇ ಮನೆ ಇರಲಿ ಕಣ್ರೀ."